ಕಾಶ್ಯಪ ಗೋತ್ರದ ಕಾರ್ತಿಕ

ಸಿನಿಮಾದಲ್ಲಾಗಿದ್ರೆ ಆ ಹೊತ್ತಿಗೆ ಸರಿಯಾಗಿ ಗಾಳಿ ಬೀಸ್ಬೇಕಿತ್ತು. ವೇದಾಳ ದುಪಟ್ಟಾ ಹಾರಿ ರಘುನಂದನನ ಮುಖದ ಮೇಲೆ ಬೀಳ್ಬೇಕಿತ್ತು, ಹಿಂದೆ ಎಲ್ಲೋ ಯಾರೋ ಪಿಟೀಲು ಕುಯ್ಯಬೇಕಿತ್ತು. ಆದ್ರೆ ಇದು ಕೇದಾರ ಘಾಟಿನ ಹಿಂದಿನ ಗಲ್ಲಿ, ಅದೂ ಮೇ ತಿಂಗಳು. ಗಾಳಿ ರಜೆ ಹಾಕಿತ್ತು. ರಘುನಂದನನ ಮುಖಕ್ಕೆ ಬಡಿದಿದ್ದು ಬಾಗಿಲಲ್ಲಿ ನಿಂತಿದ್ದ ಹಸುವಿನ ಬಾಲ.

ಬಾಲವನ್ನ ಮರ್ಯಾದೆಯಿಂದ ಪಕ್ಕಕ್ಕೆ ಸರಿಸಿ, ಕಣ್ಣೊರೆಸಿಕೊಂಡು, ಅವನು ಕೇಳ್ದ: "ಯಾರ ಹೆಸರಲ್ಲಿ ಸಂಕಲ್ಪ?"

"ಕಾರ್ತಿಕ," ಅಂದ್ಲು ವೇದಾ.

ಅಷ್ಟೇ. ಕಥೆ ಶುರುವಾಗಿದ್ದೇ ಅಲ್ಲಿ.

ವೇದಾಳ ಅಪ್ಪ ಶ್ರೀನಿವಾಸ ಭಟ್ಟರು ಕರ್ನಾಟಕದಿಂದ ಕಾಶಿಗೆ ಬರೋ ಯಾತ್ರಿಗಳಿಗೆ ಪುರೋಹಿತರು. ಮನೆಯ ಕೆಳಗಿನ ರೂಮುಗಳೆಲ್ಲ ಯಾತ್ರಿಗಳಿಗೆ, ಮೇಲಿನವು ಮನೆಯವರಿಗೆ. ನಡುವೆ ಅಂಗಳದಲ್ಲಿ ಚಂದ್ರಮೌಳೇಶ್ವರನ ಪುಟ್ಟ ಗುಡಿ. ಅದರ ಬೆಳಗಿನ ಪೂಜೆ ರಘುನಂದನನದ್ದು. ಹೊಳೆನರಸೀಪುರದಿಂದ ಪಾಠಶಾಲೆಗೆ ಅಂತ ಚಿಕ್ಕವನಾಗಿದ್ದಾಗ ಬಂದವನು, ಮಂತ್ರ ಕಲಿತು ಭಟ್ಟರ ಜತೇಲೇ ಉಳಕೊಂಡ. ಗೋದೌಲಿಯಾ ಚೌಕದ ಜಂಗುಳಿಯಲ್ಲೂ ಯಾರನ್ನೂ ತಳ್ಳದೆ ನಡೆಯೋ ಜಾತಿ ಮನುಷ್ಯ. ಅಂದ್ರೆ ಕಾಶಿಯಲ್ಲಿ ಅವನೊಬ್ಬನೇ.

ಸಂಕಲ್ಪ ಅಂದ್ರೆ ದೇವರಿಗೆ ಕೊಡೋ ಅಡ್ರೆಸ್ಸು. ಹೆಸರು, ಗೋತ್ರ, ನಕ್ಷತ್ರ ಎಲ್ಲ ಸರಿಯಾಗಿ ಹೇಳಿದ್ರೇನೇ ಪೂಜೆಯ ಫಲ ಸರಿಯಾದ ಮನೆ ಬಾಗಿಲಿಗೆ ಹೋಗೋದು. ಅದಕ್ಕೇ ರಘುನಂದನ ಮುಂದಿನ ಪ್ರಶ್ನೆ ಕೇಳ್ದ. ಗೋತ್ರ?

ಗೊತ್ತಿಲ್ಲ ಅಂದ್ಲು.

ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ ಅಂತ ಹೇಳೋದು ಪದ್ಧತಿ. ಸರಿ, ಕಾಶ್ಯಪ. ನಕ್ಷತ್ರ? ಅದೂ ಗೊತ್ತಿಲ್ಲ, ಆದ್ರೆ ಹುಟ್ಟಿದ್ದು ಗೊತ್ತು ಅಂದ್ಲು. ತಾರೀಕು ಹೇಳಿದ್ಲು, ದಾವಣಗೆರೆ ಅಂದ್ಲು, ಬೆಳಗ್ಗೆ ಹಾಲಿನವನು ಬರೋ ಹೊತ್ತು ಅಂತ ಟೈಮನ್ನೂ ಸೇರಿಸಿದ್ಲು. ಅವನು ಫೋನಿನ ಪಂಚಾಂಗ ತೆಗೆದು ಲೆಕ್ಕ ಹಾಕಿದ. ಕೃತ್ತಿಕಾ ನಕ್ಷತ್ರ, ವೃಷಭ ರಾಶಿ.

ಆಮೇಲೆ ತಲೆ ಎತ್ತಿ ಅವಳನ್ನ ನೋಡ್ದ. ಅವನ ತಲೆಯೊಳಗೆ ಏನು ನಡೀತು ಅಂತ ಪುರೋಹಿತರ ಮನೆಯಲ್ಲಿ ಬೆಳೆದವರಿಗೆ ಮಾತ್ರ ಅರ್ಥ ಆಗುತ್ತೆ. ಒಬ್ಬ ಹುಡುಗಿಗೆ ಒಬ್ಬ ಹುಡುಗನ ಹುಟ್ಟಿದ ಹೊತ್ತು ಗೊತ್ತು ಅಂದ್ರೆ ಏನರ್ಥ? ಜಾತಕ ಕೂಡಿಸಿ ಆಗಿದೆ. ಗೋತ್ರ ಗೊತ್ತಿಲ್ಲ ಅಂದ್ರೆ? ಹಿರಿಯರು ನೋಡಿದ ಸಂಬಂಧ ಅಲ್ಲ. ಎರಡನ್ನೂ ಕೂಡಿಸಿದ್ರೆ ಉತ್ತರ ಒಂದೇ.

"ಏನಂತ ಬೇಡ್ಕೊಳ್ಲಿ?" ಅವನ ದನಿ ಬಾವಿಯೊಳಗಿಂದ ಬಂದಂಗಿತ್ತು.

ಬೀಳಬಾರದು ಅಂತ ಬೇಡ್ಕೊಳ್ಳಿ ಅಂದ್ಲು ವೇದಾ. ಹೋದ ವರ್ಷ ಬಿದ್ದು ಬಲಗಾಲಿನ ಕೀಲು ಮುರಿದಿತ್ತು, ಮನೇಲೇ ಮಲಗಿದ್ದ, ಈಗ ಎದ್ದಿದ್ದಾನೆ, ಈ ಸಲ ಅವನು ಗೆಲ್ಲಲೇಬೇಕು, ಅವನು ಗೆದ್ರೆ ನಾನು ಗೆದ್ದಂಗೆ.

"ಅವರು ಏನ್ ಕೆಲಸ ಮಾಡ್ತಾರೆ?"

"ಐಸ್ ಮೇಲೆ," ಅಂದ್ಲು.

ನಿಜ ಹೇಳೋಕೆ ಅದಕ್ಕಿಂತ ಒಳ್ಳೇ ಚಾನ್ಸ್ ಸಿಗ್ತಿರಲಿಲ್ಲ. ಕಾರ್ತಿಕ ಅಂದ್ರೆ ಫಿಗರ್ ಸ್ಕೇಟರ್, ಐಸ್ ಮೇಲೆ ಹಾಡಿಗೆ ತಕ್ಕಂಗೆ ಜಾರ್ತಾ, ಹಾರ್ತಾ, ಗಿರಗಿರ ತಿರುಗೋ ಹುಡುಗ, ಮುಂದಿನ ವಾರ ಡೆಹ್ರಾಡೂನಲ್ಲಿ ಗಂಡಸರ ನ್ಯಾಷನಲ್ ಚಾಂಪಿಯನ್‌ಶಿಪ್ ಇದೆ, ನಾನು ಅವನ ಫ್ಯಾನ್. ಒಂದೇ ಉಸಿರಿಗೆ ಮುಗಿಯೋ ಮಾತು. ಆದ್ರೆ ರಘುನಂದನನ ಕಿವಿ ಕೆಂಪಗಾಗೋಕೆ ಶುರುವಾಗಿತ್ತು.

ಆ ಕಿವಿಗಳೇ ವೇದಾಳ ವೀಕ್‌ನೆಸ್ಸು. ಅವಕ್ಕೋಸ್ಕರ ಅವಳು ಅವನ ಒಂದು ಚಪ್ಪಲಿಯನ್ನ ಯಾತ್ರಿಗಳ ಬ್ಯಾಗಿಗೆ ತುರುಕಿದ್ದಳು. ಅವನ ಫೋನಿಗೆ ನಗಾರಿಯ ರಿಂಗ್‌ಟೋನ್ ಹಾಕಿ, ಮೌನವ್ರತದ ಸ್ವಾಮಿಗಳ ಮುಂದೆ ಕಾಲ್ ಮಾಡಿದ್ದಳು. ಇದೂ ಹಾಗೇ ಎರಡು ದಿನದ ಆಟ ಅಂದ್ಕೊಂಡ್ಲು. ಎದೆ ಮೇಲೆ ಕೈಯಿಟ್ಟು, ಕಣ್ಣು ಅರ್ಧ ಮುಚ್ಚಿ, ಕ್ಲೈಮ್ಯಾಕ್ಸ್ ಹೀರೋಯಿನ್ ಥರ ಉಸಿರು ಬಿಟ್ಟಳು.

"ಅವನ ಹೆಸರು ಹೇಳೋವಾಗ ದನಿ ಸ್ವಲ್ಪ ಗಟ್ಟಿಯಾಗಿರ್ಲಿ ರಘು ಭಟ್ರೇ. ನನ್ನ ಉಸಿರು ಆ ಕಾಲಿನ ಮೇಲೆ ನಿಂತಿದೆ."

"ಆಗ್ಲಿ ವೇದಾ ಅವ್ರೇ," ಅಂದ. ಗುಡಿಯೊಳಗೆ ಹೋದ. ಹೋಗೋವಾಗ ಹಸುವಿನ ಬಾಲ ಇನ್ನೊಂದು ಸಲ ಬಡೀತು. ಈ ಸಲ ಅವನಿಗೆ ಗೊತ್ತೇ ಆಗಲಿಲ್ಲ.

*

ಐಸು ಅಂದ್ರೆ ವೇದಾಗೆ ಚಿಕ್ಕಂದಿನಿಂದ ಗೊತ್ತಿದ್ದಿದ್ದು ಒಂದೇ. ಗೋದೌಲಿಯಾದ ಶರಬತ್ ಅಂಗಡಿ ಮುಂದೆ ಗೋಣಿಚೀಲ ಹೊದ್ದು ಮಲಗಿರ್ತಿದ್ದ, ಮಧ್ಯಾಹ್ನದೊಳಗೆ ಅರ್ಧ ಕರಗಿ ಚರಂಡಿ ಸೇರ್ತಿದ್ದ ಗಡ್ಡೆ. ಅದರ ಮೇಲೆ ಮನುಷ್ಯರು ಹಾರ್ತಾರೆ ಅಂತ ತಿಳಿದಿದ್ದು ಲಾಕ್‌ಡೌನಲ್ಲಿ, ಯಾತ್ರಿಗಳಿಲ್ಲದೆ ಮನೆ ಭಣಗುಟ್ತಿದ್ದಾಗ. ತಾರಸಿ ಮೇಲೆ ನೆಟ್‌ವರ್ಕ್ ಹುಡುಕ್ತಾ ಕೂತಿದ್ಲು. ಫೋನಲ್ಲಿ ಯಾವುದೋ ಹುಡುಗ ಬಂದ. ದಾವಣಗೆರೆಯವನಂತೆ, ಚಕ್ರದ ಸ್ಕೇಟ್ಸ್ ಕಟ್ಕೊಂಡು ಕಲ್ಯಾಣ ಮಂಟಪದ ನೆಲದ ಮೇಲೆ ಕಲಿತವನಂತೆ, ಆಮೇಲೆ ಐಸಿಗೆ ಹೋದವನಂತೆ. ಅವನು ಕೈ ಚಾಚಿ ಹಿಂದಕ್ಕೆ ಜಾರ್ತಾ ಹೋದ. ಬೆವರ್ತಾ ಕೂತಿದ್ದ ವೇದಾಳ ಬೆನ್ನಲ್ಲಿ ಚಳಿ ಹುಟ್ಟಿತು.

ಕ್ರಿಕೆಟ್ ಫ್ಯಾನ್ ಆಗೋದು ಸುಲಭ. ಇಡೀ ದೇಶ ಜತೆಗಿರುತ್ತೆ. ಇಂಡಿಯಾದ ಫಿಗರ್ ಸ್ಕೇಟಿಂಗಿಗೆ ಫ್ಯಾನ್ ಆಗೋದು ಅಂದ್ರೆ ಖಾಲಿ ಥಿಯೇಟರಲ್ಲಿ ಶಿಳ್ಳೆ ಹೊಡೆದಂಗೆ. ವಾಟ್ಸಾಪ್ ಗ್ರೂಪಲ್ಲಿ ಬೆರಳೆಣಿಕೆ ಜನ, ಅದರಲ್ಲಿ ಒಬ್ಬರು ಕಾರ್ತಿಕನ ಸ್ವಂತ ಚಿಕ್ಕಮ್ಮ. ಮ್ಯಾಚು ಯೂಟ್ಯೂಬಲ್ಲಿ ಬರುತ್ತೆ, ಕ್ಯಾಮೆರಾ ಮುಂದೆ ಯಾರದೋ ತಲೆ ಓಡಾಡ್ತಿರುತ್ತೆ. ಆದ್ರೂ ಪ್ರತಿ ಸಲ ಕಾರ್ತಿಕ ಐಸಿಗಿಳಿದಾಗ ವೇದಾ ಶರಬತ್ ಅಂಗಡಿಯಿಂದ ಒಂದು ತುಂಡು ಐಸ್ ತಂದು, ಸ್ಟೀಲ್ ಬಟ್ಟಲಲ್ಲಿ ಹಾಕಿ ಫೋನಿನ ಮುಂದೆ ಇಡ್ತಿದ್ಲು. ಅವನು ಅಲ್ಲಿ ನಿಂತ ನೆಲದ ಒಂದು ಚೂರು ಇಲ್ಲೂ ಇರ್ಲಿ ಅಂತ. ಪಕ್ಕದಲ್ಲಿ ತುಳಸಮ್ಮಜ್ಜಿ ಬತ್ತಿ ಹೊಸೀತಾ ಕೂತಿರ್ತಿದ್ಲು. ಅಜ್ಜಿಗೆ ಅವನು "ನಮ್ಮ ಜಾರೋ ಹುಡುಗ".

ಕಾರ್ತಿಕನ ಹೆಸರು ಕೊಟ್ಟ ಮಾರನೇ ದಿನದಿಂದ ಬೆಳಗಿನ ಪೂಜೆಗೆ ವೇದಾ ಮೆಟ್ಟಿಲ ಮೇಲೆ ಕೂತು ಕಿವಿ ಕೊಟ್ಟಳು. ನಗೋಕೆ ರೆಡಿಯಾಗಿದ್ಲು.

"ಕಾಶ್ಯಪಗೋತ್ರೋದ್ಭವಸ್ಯ, ಕೃತ್ತಿಕಾನಕ್ಷತ್ರೇ ವೃಷಭರಾಶೌ ಜಾತಸ್ಯ, ಕಾರ್ತಿಕನಾಮಧೇಯಸ್ಯ..."

ದನಿ ನಡುಗಲಿಲ್ಲ. ಹೆಸರನ್ನ ನುಂಗಲಿಲ್ಲ. ಕ್ಷೇಮ, ಸ್ಥೈರ್ಯ, ವಿಜಯ ಅಂತ ಒಂದೊಂದನ್ನೂ ಬಿಡಿಸಿ ಹೇಳ್ದ. ಸ್ಥೈರ್ಯ ಅಂದ್ರೆ ಗಟ್ಟಿ ನಿಲ್ಲೋದು. ಆ ಮಾತು ಬಂದಾಗ, ತನ್ನ ಭುಜಾನೇ ಆ ಕಾಲಿಗೆ ಆಸರೆ ಕೊಡ್ತಿದೆಯೇನೋ ಅನ್ನೋ ಹಾಗೆ ಒತ್ತಿ ಹೇಳ್ದ. ಪೂಜೆ ಮುಗಿಸಿ ಒಂದು ಹೂವನ್ನ ಬಾಳೆಲೆ ಚೂರಲ್ಲಿಟ್ಟು ತಂದುಕೊಟ್ಟ, ಅವರಿಗೆ ತಲುಪಿಸಿ ಅಂದ. ಅವಳ ಮುಖ ನೋಡಲಿಲ್ಲ.

ವೇದಾಗೆ ಬಂದ ನಗು ಗಂಟಲಲ್ಲೇ ಎಲ್ಲೋ ದಾರಿ ತಪ್ಪಿತು.

ಆಟ ಎರಡು ದಿನ ಅಂದಿದ್ದು ಉದ್ದ ಆಯ್ತು. ಪ್ರತಿ ಬೆಳಗ್ಗೆ ಅದೇ ದನಿ, ಅದೇ ಹೂವು. ಶುಕ್ರವಾರ ಅವನು ಭೇಲೂಪುರದ ಕಡೆಯಿಂದ ಬಿಸಿಲಲ್ಲಿ ನಡ್ಕೊಂಡು ಬಂದ. ಕೈಯಲ್ಲೊಂದು ಸಣ್ಣ ಬಾಟ್ಲಿ, ಅದರಲ್ಲಿ ಕಂದು ಬಣ್ಣದ ಎಣ್ಣೆ.

"ಆಯುರ್ವೇದದ ಅಂಗಡಿಯವರು ಕೊಟ್ರು. ಮುರಿದು ಕೂಡಿದ ಕೀಲಿಗೆ ಒಳ್ಳೇದಂತೆ. ಐಸ್ ಫ್ಯಾಕ್ಟರೀಲಿ ದಿನಾ ಶೀತದಲ್ಲಿ ನಿಂತು ಕೆಲಸ ಮಾಡ್ತಾರಲ್ಲ, ಮಲಗೋ ಮುಂಚೆ ಬಿಸಿ ಮಾಡಿ ಹಚ್ಕೊಳ್ಳೋಕೆ ಹೇಳಿ. ನೀವೇ ಹೇಳಿದ್ರೆ ಕೇಳ್ತಾರೆ."

ಐಸ್ ಫ್ಯಾಕ್ಟರಿ. ಬೇರೆ ಯಾವತ್ತಾದ್ರೂ ಆಗಿದ್ರೆ ವೇದಾ ನಕ್ಕು ನಕ್ಕು ಮೆಟ್ಟಿಲಿಂದ ಉರುಳಿರ್ತಿದ್ಲು. ಅವತ್ತು ಬಾಟ್ಲಿ ಹಿಡ್ಕೊಂಡು ನಿಂತ್ಲು. ಬಾಟ್ಲಿ ಬಿಸಿಯಾಗಿತ್ತು. ಅಷ್ಟು ದೂರ ಅವನ ಮುಷ್ಟಿಯಲ್ಲೇ ಬಂದಿತ್ತು. ಅವನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. ಅದನ್ನ ದುಪಟ್ಟಾದ ತುದಿಯಿಂದ ಒರೆಸ್ಬೇಕು ಅನ್ನಿಸ್ತು. ಅನ್ನಿಸಿದ್ದಕ್ಕೆ ಅವಳೇ ಬೆಚ್ಚಿದ್ಲು.

ಅವತ್ತೇ ಹೇಳಿಬಿಡ್ಬೇಕು ಅಂದ್ಕೊಂಡ್ಲು. ಆದ್ರೆ ಹೇಳ್ಬೇಕು ಅಂದ್ರೆ ಸುಳ್ಳು ಯಾಕೆ ಹೇಳಿದೆ ಅಂತಾನೂ ಹೇಳ್ಬೇಕು. ಯಾಕೆ ಅಂದ್ರೆ ನಿಮ್ಮ ಕಿವಿ ಕೆಂಪಗಾಗೋದು ನೋಡೋಕೆ. ಅದ್ಯಾಕೆ ನೋಡ್ಬೇಕು ಅಂದ್ರೆ? ಅಲ್ಲಿಂದಾಚೆ ಡೈಲಾಗೇ ಇರಲಿಲ್ಲ. ಕಾಮಿಡಿ ಸೀನಿನ ಮಾತುಗಳು ಅವಳ ನಾಲಿಗೆ ತುದೀಲೇ ಇರ್ತಿದ್ದವು. ಇದು ಬೇರೆ ರೀಲು. ಶನಿವಾರ ಅವನು ಯಾತ್ರಿಗಳನ್ನ ಕರ್ಕೊಂಡು ರಾಮನಗರದ ಕೋಟೆ ತೋರ್ಸೋಕೆ ಹೋದ. ಸಿಕ್ಕಲಿಲ್ಲ. ಸದ್ಯ, ಸಿಗಲಿಲ್ಲವಲ್ಲ ಅಂತ ಅವಳು ಸಮಾಧಾನ ಪಟ್ಟಳು, ಸಮಾಧಾನ ಪಟ್ಟಿದ್ದಕ್ಕೆ ತನ್ನನ್ನೇ ಬೈಕೊಂಡ್ಲು.

*

ನ್ಯಾಷನಲ್ಸಿನ ಮೊದಲ ಸುತ್ತಲ್ಲಿ ಕಾರ್ತಿಕ ನಾಲ್ಕನೆಯವನಾಗಿ ಉಳ್ಕೊಂಡ. ಕೊನೇ ಸುತ್ತು ಮಾರನೇ ದಿನ ಮಧ್ಯಾಹ್ನ.

ಆ ಮಧ್ಯಾಹ್ನ ವೇದಾ ಐಸಿನ ಬಟ್ಟಲು ಹಿಡ್ಕೊಂಡು ಮೆಟ್ಟಿಲು ಹತ್ತೋವಾಗ, ಅಜ್ಜಿ ಬತ್ತಿ ಹೊಸೀತಾ ಸುದ್ದಿ ಹೇಳಿದ್ಲು. ತಲೆ ಎತ್ತಲಿಲ್ಲ. ರಘು ಗಯೆಗೆ ಹೋಗ್ತಿದ್ದಾನೆ. ಅಲ್ಲಿನ ಕನ್ನಡದ ಛತ್ರಕ್ಕೆ ಪುರೋಹಿತರು ಬೇಕು ಅಂತ ಎರಡು ವರ್ಷದಿಂದ ಕರೀತಿದ್ರು, ಬೇಡ ಅಂತಿದ್ದ. ಅವನ ಸ್ನೇಹಿತ ನೀಲಕಂಠ ನಾನು ಹೋಗ್ತೀನಿ, ನಾನು ಹೋಗ್ತೀನಿ ಅಂತ ಕುಣೀತಿದ್ದ, ಛತ್ರದವರು ರಘು ಬರದಿದ್ರೆ ನೀನು ಬಾ ಅಂದಿದ್ರು. ಈ ವಾರ ರಘು ತಾನೇ ಫೋನ್ ಮಾಡಿ ಬರ್ತೀನಿ ಅಂದನಂತೆ. ಗಲ್ಲಿಗೆ ಕಾರು ಬರಲ್ಲವಲ್ಲ, ನೀಲಕಂಠ ಗೋದೌಲಿಯಾದಲ್ಲಿ ಕಾರು ನಿಲ್ಲಿಸ್ಕೊಂಡು ಫೋನ್ ಮಾಡ್ತಾನೆ. ನಿಮ್ಮಪ್ಪ ಬೆಳಗ್ಗಿಂದ ಸರಿಯಾಗಿ ಊಟ ಮಾಡಿಲ್ಲ.

ವೇದಾಳ ಕೈಯಲ್ಲಿ ಬಟ್ಟಲು ಟಣ್ ಅಂತು. ಐಸು ಒಂದು ಸುತ್ತು ಹೊಡೀತು.

"ಈಗ್ಯಾಕೆ ಹೊರಟಿದ್ದು?"

"ಈಗ್ಯಾಕೆ ಅಂತ ನನಗೆ ಗೊತ್ತಿಲ್ಲ ಕಣೇ," ಅಂದ್ಲು ಅಜ್ಜಿ. "ಇಷ್ಟು ದಿನ ಯಾಕೆ ಬೇಡ ಅಂತಿದ್ದ ಅಂತ ಗೊತ್ತು. ಈ ಮನೇಲಿ ಅದು ಗೊತ್ತಿಲ್ಲದಿದ್ದೋಳು ನೀನೊಬ್ಬಳೇ."

ವೇದಾ ಬಟ್ಟಲು ತಾರಸಿಯಲ್ಲಿಟ್ಟು ಅದೇ ಕಾಲಲ್ಲಿ ಕೆಳಗಿಳಿದಳು. ರಘುನಂದನ ತನ್ನ ರೂಮಲ್ಲಿ ಬ್ಯಾಗಿನ ಜಿಪ್ ಜತೆ ಗುದ್ದಾಡ್ತಿದ್ದ. ಅವಳು ಬಾಗಿಲಲ್ಲಿ ನಿಂತು, ಉಸಿರು ಸಿಗೋ ಮುಂಚೇನೇ ಹೇಳಿಬಿಟ್ಟಳು. ಕಾರ್ತಿಕ ಇವತ್ತು ಬರ್ತಾನೆ. ತಾರಸಿಗೆ. ಇಷ್ಟು ದಿನ ಯಾರಿಗೋಸ್ಕರ ಪೂಜೆ ಮಾಡಿದ್ರಿ ಅಂತ ನೋಡದೆ ಹೋಗ್ಬೇಡಿ.

ಅವನು ಜಿಪ್ ಬಿಟ್ಟು ಎದ್ದು ನಿಂತ. "ಐದು ನಿಮಿಷ ಕೊಡಿ," ಅಂದ.

*

ಐದು ನಿಮಿಷ ಆದ್ಮೇಲೆ ಅವನು ತಾರಸಿಗೆ ಬಂದಾಗ ವೇದಾಗೆ ಅಳು ಬಂತು. ತಲೆ ಬಾಚ್ಕೊಂಡಿದ್ದ. ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಹೊಸ ಶಲ್ಯ ಹೊದ್ದಿದ್ದ, ಅದರ ಮಡಿಕೆ ಗೆರೆ ಇನ್ನೂ ಹಾಗೇ ಇತ್ತು. ಕೈಯಲ್ಲಿ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಹೂವು. ಮನೆಗೆ ಮೊದಲ ಸಲ ಬರೋ ಅಳಿಯನನ್ನ ಎದುರುಗೊಳ್ಳೋಕೆ ಬಂದವನ ಥರ ನಿಂತಿದ್ದ. ಒಣಗೋಕೆ ಹಾಕಿದ್ದ ಅಮ್ಮನ ಸೀರೆಗಳ ಮಧ್ಯೆ ಆಚೆ ಈಚೆ ನೋಡ್ದ.

"ಎಲ್ಲಿ ಅವರು?"

ವೇದಾ ಬೆರಳು ತೋರಿಸಿದ್ಲು. ನೀರಿನ ಟ್ಯಾಂಕಿನ ನೆರಳಲ್ಲಿ, ಉಪ್ಪಿನಕಾಯಿ ಜಾಡಿಗೆ ಒರಗಿಸಿದ್ದ ಫೋನು. ಅದರ ಮುಂದೆ ಬಟ್ಟಲಲ್ಲಿ ಅರ್ಧ ಕರಗಿದ ಐಸು.

"ವಿಡಿಯೋ ಕಾಲಾ?" ಅಂದವನೇ ತಟ್ಟೆಯನ್ನ ಒಂದು ಕೈಗೆ ಬದಲಾಯಿಸ್ಕೊಂಡು, ಬಗ್ಗಿ, ಫೋನಿಗೆ ನಮಸ್ಕಾರ ಮಾಡ್ದ. ಫೋನಲ್ಲಿ ಆ ಹೊತ್ತಿಗೆ ಇದ್ದಿದ್ದು ಹಿಂದಿಯಲ್ಲಿ ಅನೌನ್ಸ್ ಮಾಡ್ತಿದ್ದ ದಪ್ಪ ಮೀಸೆಯ ಒಬ್ಬರು. ಆ ಮೀಸೆಯನ್ನ ನೋಡಿ ರಘುನಂದನನ ಮುಖದಲ್ಲಿ ಒಂದು ಕ್ಷಣ ಗೊಂದಲ ಆಯ್ತು. ಆದ್ರೂ ಮರ್ಯಾದೆ ಬಿಡಲಿಲ್ಲ, ಕ್ಷೇಮವಾ ಅಂತ ಕೇಳ್ದ.

ಅವರಲ್ಲ, ಕೂತ್ಕೊಳ್ಳಿ ಅಂತ ವೇದಾ ಅವನ ಶಲ್ಯ ಹಿಡಿದು ಎಳೆದಳು.

ಐಸಿಗೆ ಕಾರ್ತಿಕ ಇಳಿದ. ಕಪ್ಪು ಪ್ಯಾಂಟು, ನೀಲಿ ಅಂಗಿ, ಅಂಗಿ ತುಂಬ ಮಿಣುಕು. ಬೆಳ್ಳಗೆ ಹೊಳೆಯೋ ನೆಲದ ನಡುವೆ ಹೋಗಿ ಒಬ್ಬನೇ ನಿಂತ. ವೀಣೆ ಶುರುವಾಯ್ತು. ಅವನು ಒಂದು ಕಾಲಿನ ಮೇಲೆ ಹಿಂದಕ್ಕೆ ಜಾರಿದ. ಗಂಗೆಯ ಮೇಲೆ ಬಿಟ್ಟ ದೀಪದ ದೊನ್ನೆ ಹೋಗೋ ಹಾಗೆ, ಯಾರೂ ತಳ್ಳದೆ.

ರಘುನಂದನ ತಟ್ಟೆ ಕೆಳಗಿಟ್ಟ. ಅವನ ಬಾಯಿ ಸ್ವಲ್ಪ ತೆರ್ಕೊಂಡಿತ್ತು.

"ಇದು ಐಸ್ ಫ್ಯಾಕ್ಟರಿ ಅಲ್ಲ," ಅಂದ.

ಅಲ್ಲ ಅಂದ್ಲು. ಆಮೇಲೆ ಪಿಸುಮಾತಲ್ಲಿ ಒಂದೊಂದೇ ಹೇಳಿಕೊಟ್ಟಳು. ಈಗ ಒಂದು ಜಂಪ್ ಇದೆ, ಗಾಳೀಲಿ ಎರಡು ಸುತ್ತು. ಹಾಂ, ಇಳಿದ. ಈಗ ಬರೋದು ದೊಡ್ಡದು, ಮೂರು ಸುತ್ತು, ಆಮೇಲೆ ಬಲಗಾಲೊಂದರ ಮೇಲೇ ಇಳೀಬೇಕು. ಹೋದ ವರ್ಷ ಮುರಿದಿದ್ದು ಇದರಲ್ಲೇ, ಆ ಕಾಲೇ. ರಘುನಂದನನ ಕೈ ಮುಷ್ಟಿಯಾಯ್ತು. ತುಟಿ ಅಲ್ಲಾಡ್ತಿತ್ತು. ವೇದಾ ಹತ್ತಿರ ಬಗ್ಗಿದಾಗ ಕೇಳಿಸ್ತು: ಸ್ಥೈರ್ಯ, ಸ್ಥೈರ್ಯ.

ಕಾರ್ತಿಕ ವೇಗ ತಗೊಂಡ. ತಿರುಗಿದ. ಎಡಗಾಲು ಒತ್ತಿ ಹಾರಿದ.

ಅಲ್ಲೇ ನಿಂತ.

ಗಾಳಿಯಲ್ಲಿ, ಎರಡೂ ಕೈ ಎದೆಗೆ ಕಟ್ಕೊಂಡು, ಐಸಿಂದ ಮೊಳ ಎತ್ತರದಲ್ಲಿ ನಿಂತುಬಿಟ್ಟ. ಅವನ ಹೊಟ್ಟೆ ಮೇಲೆ ಒಂದು ಬಿಳಿ ವೃತ್ತ ಗಿರಗಿರ ತಿರುಗೋಕೆ ಶುರುವಾಯ್ತು. ನೆಟ್‌ವರ್ಕ್ ಹೋಗಿತ್ತು.

ವೇದಾ ಸ್ಕ್ರೀನ್ ಮೇಲೆ ಬೆರಳಲ್ಲಿ ಎರಡು ಸಲ ಕುಟ್ಟಿದ್ಲು.

"ಅವರು ಇನ್ನೂ ಇಳಿದಿಲ್ವಾ?" ಕೇಳ್ದ ರಘುನಂದನ.

ವೇದಾ ಫೋನ್ ಎತ್ತಿ ಆಕಾಶಕ್ಕೆ ಹಿಡಿದಳು, ಟ್ಯಾಂಕ್ ಮೇಲಿಟ್ಟಳು, ವಾಪಸ್ ತಂದು ಜಾಡಿಗೆ ಒರಗಿಸಿದ್ಲು. ಕಾರ್ತಿಕ ಅಲುಗಲಿಲ್ಲ. ಪಾಪ, ಅವನೂ ಇವಳ ಮಾತಿಗೆ ಕಾಯ್ತಿದ್ದ ಅಂತ ಕಾಣುತ್ತೆ. ಇನ್ನು ತಪ್ಪಿಸ್ಕೊಳ್ಳೋಕೆ ಜಾಗ ಇರಲಿಲ್ಲ.

"ಅವನು ನನಗೆ ಏನೂ ಅಲ್ಲ ರಘು ಭಟ್ರೇ. ನಾನೊಬ್ಬಳು ಇದ್ದೀನಿ ಅಂತಾನೇ ಅವನಿಗೆ ಗೊತ್ತಿಲ್ಲ. ನನಗೆ ಅವನ ಆಟ ಇಷ್ಟ. ಅಷ್ಟೇ."

ಅವನು ಫೋನಿನಿಂದ ಕಣ್ಣು ತೆಗೀಲಿಲ್ಲ. "ಹುಟ್ಟಿದ ಹೊತ್ತು ಹೇಳಿದ್ರಲ್ಲ."

"ಅವನೇ ಇನ್‌ಸ್ಟಾಗ್ರಾಮಲ್ಲಿ ಹೇಳಿದ್ದ."

"ಜಾತಕ ಕೂಡಿಸಿಲ್ವಾ?"

"ಯಾರ ಜತೆ?"

ಅವನು ಮೆಲ್ಲಗೆ ಅವಳ ಕಡೆ ತಿರುಗಿದ. ಮುಖದ ಮೇಲೆ ಏನೇನೋ ಬಂದು ಹೋಯ್ತು. ಸಿಟ್ಟು ಬರುತ್ತೆ ಅಂತ ವೇದಾ ಕಾದ್ಲು. ಬರಲಿಲ್ಲ. ಬಂದಿದ್ರೇ ವಾಸಿಯಾಗಿತ್ತು. ಅವನು ತಟ್ಟೆಯಲ್ಲಿದ್ದ ಹೂವನ್ನ ನೋಡ್ತಾ ಕೂತ. ತಾನು ಆಟ ಆಡಿಸಿದೆ, ಎರಡು ದಿನಕ್ಕೆ ನಿಲ್ಲಿಸ್ಬೇಕು ಅಂದ್ಕೊಂಡಿದ್ದೆ, ಎಣ್ಣೆ ತಂದ ದಿನ ಬಾಯಿ ಕಟ್ಟಿಹೋಯ್ತು ಅಂತ ವೇದಾ ಎಲ್ಲ ಹೇಳಿದ್ಲು. ಯಾವ ಸಿನಿಮಾದ ಭಾರವಾದ ಮಾತೂ ಸಹಾಯಕ್ಕೆ ಬರಲಿಲ್ಲ, ಕನ್ನಡ ಹಿಂದಿ ಕಲಸಿ ತೊದಲಿದ್ಲು. ಆಮೇಲೆ ಕೇಳಬಾರದು ಅಂದ್ಕೊಂಡಿದ್ದನ್ನೂ ಕೇಳಿಬಿಟ್ಟಳು.

"ಇಷ್ಟು ದಿನದಲ್ಲಿ ಒಂದು ಸಲಾನಾದ್ರೂ ಅವನು ಬೀಳ್ಲಿ ಅಂತ ಅನ್ನಿಸ್ಲಿಲ್ವಾ ನಿಮಗೆ?"

"ಅನ್ನಿಸ್ತು," ಅಂದ ರಘುನಂದನ. "ಶುಕ್ರವಾರ. ಹೆಸರು ಹೇಳೋ ಹೊತ್ತಿಗೆ ಒಂದು ಕ್ಷಣ, ಬೀಳ್ಲಿ ಅಂತ ಮನಸ್ಸಿಗೆ ಬಂತು. ಕುಂಟೋ ಮನುಷ್ಯನಿಗೆ ಹಂಗೆ ಅಂದ್ಕೊಂಡೆನಲ್ಲ ಅಂತ ನಾಚಿಕೆ ಆಯ್ತು. ಅವತ್ತು ಎರಡೆರಡು ಸಲ ಸಂಕಲ್ಪ ಮಾಡ್ದೆ. ಅದಕ್ಕೇ ಎಣ್ಣೆ ತಂದಿದ್ದೂ."

"ಉಳಿದ ದಿನ?"

"ಉಳಿದ ದಿನ ನಿಮ್ಮ ಉಸಿರು ಆ ಕಾಲಿನ ಮೇಲೆ ನಿಂತಿದೆ ಅಂದಿದ್ರಲ್ಲ. ನಾನು ಕಾಲನ್ನ ಎಲ್ಲಿ ನೋಡ್ದೆ? ಉಸಿರಿಗೋಸ್ಕರ ಬೇಡ್ಕೊಂಡೆ."

ಕೆಳಗೆ ಘಾಟಿನಲ್ಲಿ ಯಾರೋ ದೋಣಿಯವನು ಗಿರಾಕಿ ಕೂಗ್ತಿದ್ದ. ಸೀರೆಯೊಂದರಿಂದ ನೀರು ತೊಟ್ಟಿಕ್ಕಿತು. ವೇದಾ ಮಾತಾಡೋಕೆ ಬಾಯಿ ತೆಗೆದಳು.

ವೀಣೆ ಬಂತು.

ಇಬ್ರೂ ಒಟ್ಟಿಗೆ ಫೋನಿನ ಮೇಲೆ ಬಗ್ಗಿದ್ರು, ತಲೆಗೆ ತಲೆ ಢಿಕ್ಕಿ ಹೊಡೀತು. ಜಂಪ್ ಯಾವಾಗಲೋ ಆಗಿಹೋಗಿತ್ತು. ಕಾರ್ತಿಕ ರಿಂಕಿನ ಆ ತುದಿಯಲ್ಲಿ ಬೆನ್ನು ಹಾಕಿ ಜಾರ್ತಿದ್ದ. ಇಳಿದನಾ, ಬಿದ್ದನಾ, ತೋರಿಸೋಕೆ ರೀಪ್ಲೇ ಗೀಪ್ಲೇ ಇರಲಿಲ್ಲ. ರಘುನಂದನ ದಿಕ್ಕು ತೋಚದೆ ವೇದಾಳ ಮುಖ ನೋಡ್ದ. ಅವಳು ಕಣ್ಣು ಕಿರಿದು ಮಾಡಿ ಕಾರ್ತಿಕನ ಪ್ಯಾಂಟನ್ನ ನೋಡ್ತಿದ್ಲು. ಬಿದ್ರೆ ಐಸಿನ ಬಿಳಿ ಪುಡಿ ಸೊಂಟಕ್ಕೆ ಅಂಟಿರುತ್ತೆ. ಅವನು ತಿರುಗಿದ. ಕಪ್ಪು ಬಟ್ಟೆ ಕಪ್ಪಗೇ ಇತ್ತು.

"ಬಿದ್ದಿಲ್ಲ," ಅಂದ್ಲು. ದನಿ ಒಡೀತು. "ನಿಂತ. ಆ ಕಾಲಿನ ಮೇಲೇ ನಿಂತ."

ರಘುನಂದನ ಮುಖ ಮುಚ್ಚಿಕೊಂಡು ನಕ್ಕ. ಆಮೇಲೆ ನೋಡಿದ್ರೆ ಕಣ್ಣು ಒದ್ದೆ. ಗುರುತು ಪರಿಚಯ ಇಲ್ಲದ ಹುಡುಗನಿಗೋಸ್ಕರ, ಈಗ ತಾನೇ ರೈವಲ್ ಅಲ್ಲ ಅಂತ ಗೊತ್ತಾದವನಿಗೋಸ್ಕರ, ಶಲ್ಯದ ತುದಿಯಲ್ಲಿ ಮೂಗೊರೆಸ್ಕೊಂಡ. ಕಾರ್ತಿಕ ಕೊನೆಗೆ ಒಂದೇ ಜಾಗದಲ್ಲಿ ಬುಗುರಿ ಥರ ತಿರುಗಿ ತಿರುಗಿ, ಕೈ ಮೇಲೆತ್ತಿ ನಿಂತ. ತಾರಸಿಯಲ್ಲಿ ಇಬ್ಬರು ಚಪ್ಪಾಳೆ ಹೊಡೆದ್ರು. ಪಕ್ಕದ ಮನೆ ತಾರಸಿಯ ಕೋತಿಗಳು ಗಾಬರಿಯಾಗಿ ಎದ್ದು ಹೋದವು.

ಮೂರನೇ ಸ್ಥಾನ ಬಂತು. ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ದ ಕಾರ್ತಿಕ ಮಾರ್ಕ್ಸ್ ನೋಡಿ ತಲೆ ತಗ್ಗಿಸಿದ, ಬಲಗಾಲನ್ನ ಒಂದು ಸಲ ಸವರಿಕೊಂಡ, ಆಮೇಲೆ ಕ್ಯಾಮೆರಾ ಕಡೆ ಕೈ ಮುಗಿದ. ಅವನ ಮಾತು ಕನ್ನಡದಲ್ಲೇ ಬಂತು.

"ಎಲ್ಲೆಲ್ಲೋ ಕೂತ್ಕೊಂಡು ನನಗೋಸ್ಕರ ಬೇಡ್ಕೊಂಡೋರಿಗೆಲ್ಲ ತುಂಬ ಥ್ಯಾಂಕ್ಸ್. ಯಾರು ಅಂತ ಗೊತ್ತಿಲ್ಲ ನನಗೆ."

"ಪರವಾಗಿಲ್ಲ ಬಿಡಿ," ಅಂತ ರಘುನಂದನ ಫೋನಿಗೆ ಹೇಳ್ದ.

ಅದೇ ಹೊತ್ತಿಗೆ ಅವನ ಜೇಬಲ್ಲಿ ನಗಾರಿ ಬಾರಿಸ್ತು. ಆ ರಿಂಗ್‌ಟೋನನ್ನ ಅವನು ಇವತ್ತಿಗೂ ಬದಲಾಯಿಸಿರಲಿಲ್ಲ. ನೀಲಕಂಠ. ಕಾರು ಬಂದಿತ್ತು.

*

ಅವನು ಎದ್ದ. ಹೊರಡ್ತೀನಿ ಅಂದ. ಮಾತು ಕೊಟ್ಟಾಗಿದೆ ಅಂದ. ಇರಿ ಅಂತ ಅವಳು ಹೇಳಿದ್ರೆ ಸಾಕಿತ್ತು ಅನ್ನೋದು ಅವನ ಮುಖದಲ್ಲಿ ದೊಡ್ಡ ಅಕ್ಷರದ ಪೋಸ್ಟರ್ ಥರ ಇತ್ತು. ಆದ್ರೆ ಇವಳು ವೇದಾ. ಇರಿ ಅನ್ನೋದು ಇವಳಿಗೆ ಬರಲ್ಲ.

ತಟ್ಟೆ ಎತ್ಕೊಂಡ್ಲು. ಇನ್ನೊಂದು ಕೈಯಲ್ಲಿ ಐಸಿನ ಬಟ್ಟಲು. ದಡದಡ ಮೆಟ್ಟಿಲಿಳಿದು, ಅಂಗಳ ದಾಟಿ, ಗುಡಿಯ ಮುಂದೆ ಹೋಗಿ ಕೂತೇಬಿಟ್ಟಳು. ಬ್ಯಾಗ್ ಹೆಗಲಿಗೇರಿಸ್ಕೊಂಡು ಅವನು ಬಂದಾಗ ತಲೆ ಮೇಲೆ ದುಪಟ್ಟಾ ಹೊದ್ದು, ತೆಂಗಿನಕಾಯಿ ಮುಂದಿಟ್ಟು, ಅಂಗೈ ಜೋಡಿಸಿ ರೆಡಿಯಾಗಿದ್ಲು.

ಕಾಯಿ ಹಿಡ್ಕೊಂಡು ದೇವರ ಮುಂದೆ ಕೂತವರಿಗೆ ಪುರೋಹಿತ ಆಗಲ್ಲ ಅನ್ನೋ ಹಂಗಿಲ್ಲ. ಅದು ಈ ಮನೆಯ ನಿಯಮ. ರಘುನಂದನ ಬ್ಯಾಗ್ ಕೆಳಗಿಟ್ಟು, ಕಾಲು ತೊಳೆದು ಬಂದು ಎದುರಿಗೆ ಕೂತ. ಪಂಚಪಾತ್ರೆ ಖಾಲಿಯಿತ್ತು. ಅವಳು ಬಟ್ಟಲಿನ ನೀರನ್ನ ಅದಕ್ಕೆ ಬಗ್ಗಿಸಿದ್ಲು. ಐಸು ಪೂರ್ತಿ ಕರಗಿತ್ತು.

"ಯಾರ ಹೆಸರಲ್ಲಿ ಸಂಕಲ್ಪ?" ಪದ್ಧತಿ ಪ್ರಕಾರ ಕೇಳ್ದ.

"ರಘುನಂದನ," ಅಂದ್ಲು ವೇದಾ. "ವಸಿಷ್ಠ ಗೋತ್ರ. ಈ ಸಲ ಗೋತ್ರ ಗೊತ್ತು. ನಕ್ಷತ್ರ ಗೊತ್ತಿಲ್ಲ."

ಅವನ ಕೈಯಲ್ಲಿದ್ದ ಅಕ್ಷತೆ ಸ್ವಲ್ಪ ಚೆಲ್ಲಿತು. "ಹಸ್ತಾ," ಅಂದ. ಮತ್ತೆ ಮೆಲ್ಲಗೆ ಕೇಳ್ದ, "ಏನಂತ ಬೇಡ್ಕೊಳ್ಲಿ?"

ಅವಳು ಕಣ್ಣು ಎತ್ತಿದ್ಲು. ನಾಟಕ ಇರಲಿಲ್ಲ, ಉಸಿರು ಎಳೆಯೋದಿರಲಿಲ್ಲ.

"ಬೇಡ್ಕೊಳ್ಳೋದು ಆಮೇಲೆ. ಮೊದಲು ಥ್ಯಾಂಕ್ಸ್ ಹೇಳ್ಬೇಕು. ತನ್ನ ಎದೆ ಒಡೀತಿದ್ರೂ ನನ್ನ ಉಸಿರು ಕಾಯೋ ಒಬ್ಬ ಮನುಷ್ಯನನ್ನ ಇದೇ ಅಂಗಳದಲ್ಲಿ ಇಟ್ಟಿದ್ದಕ್ಕೆ. ನಾನು ದಿನಾ ಅವನ ಚಪ್ಪಲಿ ಬಚ್ಚಿಡ್ತಾ ಕಾಲ ಕಳೆದೆ. ಈಗ ಅವನು ಗಯೆಗೆ ಹೊರಟಿದ್ದಾನೆ. ಆ ಕಾಲು ಹೊಸಿಲು ದಾಟಬಾರದು ಅಂತ ಬೇಡ್ಕೊಳ್ಳಿ."

ನಗಾರಿ ಮತ್ತೆ ಬಾರಿಸ್ತು. ಬ್ಯಾಗಿನ ಮೇಲಿಟ್ಟಿದ್ದ ಫೋನು ನೆಲದ ಮೇಲೆ ಬಿದ್ದು ಕುಣೀತು. ಸಂಕಲ್ಪಕ್ಕೆ ಕೂತವನು ಏಳೋ ಹಾಗಿಲ್ಲ. ಮೆಟ್ಟಿಲ ಮೇಲಿದ್ದ ತುಳಸಮ್ಮಜ್ಜಿ ಬತ್ತಿಯ ಬುಟ್ಟಿ ಪಕ್ಕಕ್ಕಿಟ್ಟು, ನಿಧಾನಕ್ಕೆ ಇಳಿದು ಬಂದು ಫೋನ್ ಎತ್ತಿದ್ಲು.

"ಪುರೋಹಿತರು ಪೂಜೆಗೆ ಕೂತಿದ್ದಾರೆ ನೀಲಕಂಠ. ನೀನೇ ಹೋಗಪ್ಪ ಗಯೆಗೆ. ಛತ್ರದವರು ಅಂದಿದ್ದು ನೆನಪಿದೆ ತಾನೇ? ಹೂಂ, ಕಾರಿದೆಯಲ್ಲ, ಹಾಗೇ ಹೋಗು. ಬಟ್ಟೆ ಆಮೇಲೆ ಕಳಿಸ್ತೀವಿ."

ಆ ಕಡೆಯಿಂದ ಕೇಳಿಸಿದ ಖುಷಿಯ ಕೂಗಿಗೆ ಅಜ್ಜಿ ಫೋನನ್ನ ಕಿವಿಯಿಂದ ದೂರ ಹಿಡಿದಳು. ಯಾತ್ರಿಗಳ ಖಾಲಿ ರೂಮಿನಲ್ಲಿ ಮಲಗಿದ್ದ ಶ್ರೀನಿವಾಸ ಭಟ್ಟರು ಕೆಮ್ಮಿದ್ರು. ಆಮೇಲೆ ಊಟಕ್ಕೆ ಏನಿದೆ ಅಂತ ಕೇಳಿದ್ರು.

ರಘುನಂದನ ಅಂಗೈಗೆ ಮತ್ತೆ ಅಕ್ಷತೆ ತಗೊಂಡ.

"ಶುರು ಮಾಡಿ," ಅಂದ್ಲು ವೇದಾ.

"ಈ ಸಂಕಲ್ಪ ಒಬ್ಬರ ಹೆಸರಲ್ಲಿ ಆಗಲ್ಲ. ಇನ್ನೊಂದು ಹೆಸರು ಬೇಕು."

"ಗೊತ್ತಿಲ್ವಾ ನಿಮಗೆ?"

"ಗೊತ್ತು. ಆದ್ರೆ ಪೂಜೆ ಮಾಡಿಸೋರ ಬಾಯಿಂದಲೇ ಬರ್ಬೇಕು." ಅವನು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡ್ದ. ಮೊದಲ ಸಲ ಮಾತು ಬದಲಾಯ್ತು. "ನೀನೇ ಹೇಳು."

"ವೇದಾ," ಅಂದ್ಲು. ಇಷ್ಟು ವರ್ಷ ಇಟ್ಕೊಂಡಿದ್ದ ಸ್ವಂತ ಹೆಸರು, ಯಾರದೋ ಹೊಸ ಹೆಸರಿನ ಹಾಗೆ ಕೇಳಿಸ್ತು. "ಭಾರದ್ವಾಜ ಗೋತ್ರ."

ಅವನು ಎರಡು ಹೆಸರನ್ನೂ ಸೇರಿಸಿ ಹೇಳ್ದ. ಕ್ಷೇಮ ಅಂದ, ಸ್ಥೈರ್ಯ ಅಂದ, ಅದೇ ಗಟ್ಟಿ ದನಿಯಲ್ಲಿ. ಕೊನೆಗೆ ನೀರು ಬಿಡೋಕೆ ಕೈ ಚಾಚಿದ. ಅವಳು ಉದ್ಧರಣೆಯ ಪುಟ್ಟ ಚಮಚದಿಂದ ಬಿಟ್ಟ ನೀರು ಅವನ ಅಂಗೈ ದಾಟಿ, ಬೆರಳ ತುದಿಯಿಂದ ತಟ್ಟೆಗಿಳೀತು. ಕಾಶಿಯ ಆ ಬಿಸಿಲಲ್ಲೂ ಅದು ಇನ್ನೂ ತಣ್ಣಗಿತ್ತು.

ಅವನ ಕಿವಿ ಕೆಂಪಗಾಗಿತ್ತು. ನೋಡಿ ನಗ್ಬೇಕು ಅಂತ ವೇದಾ ದುಪಟ್ಟಾ ಹಿಂದಕ್ಕೆ ಸರಿಸಿದ್ಲು. ಆಗ ಅವನು ಅವಳ ಕಿವಿಗಳನ್ನ ನೋಡಿ ತಾನೇ ಮೊದಲು ನಕ್ಕ.